ಗಂಡು ಪೆಟ್ಟಿಗೆಯ ವಿಷ

ಸೂಜಿಯಕ್ಕನಿಗೆ ಮೊದಲು ಅನುಮಾನ ಬಂದದ್ದು ತಮ್ಮನ ಬೆರಳುಗಳನ್ನು ನೋಡಿ. ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು, ಹೆಬ್ಬೆರಳಿನ ಮೇಲೆ ಒಂದು ಗುಳ್ಳೆ ನೀರು ತುಂಬಿಕೊಂಡು ಉಬ್ಬಿ ನಿಂತಿದ್ದವು. ಏನಿದು ಎಂದು ಕೇಳಿದ್ದಕ್ಕೆ ಅವನು ಕೈ ಹಿಂದಕ್ಕೆ ಎಳೆದುಕೊಂಡು, ಬಿಸಿ ಪಾತ್ರೆ ಮುಟ್ಟಿಬಿಟ್ಟೆ ಎಂದ. ಬಿಸಿ ಪಾತ್ರೆಯ ಗುಳ್ಳೆ ಯಾವುದು, ಹುಳದ ಗುಳ್ಳೆ ಯಾವುದು ಎಂದು ಇಪ್ಪತ್ತೆರಡು ವರ್ಷ ಅದೇ ಹುಳವನ್ನು ಕೊಯ್ದವಳಿಗೆ ಹೇಳಿಕೊಡಬೇಕೆ? ಆದರೂ ಸಾಕಿ ಬೆಳೆಸಿದ ತಮ್ಮ, ಮುಖಕ್ಕೆ ಹೊಡೆದ ಹಾಗೆ ಸುಳ್ಳ ಎನ್ನುವುದಕ್ಕೆ ನಾಲಿಗೆ ಬರಲಿಲ್ಲ.

ಅಕ್ಕ ತಮ್ಮ ಇಬ್ಬರೂ ಕೆಲಸ ಮಾಡುತ್ತಿದ್ದದ್ದು ಕೀಟಗಳ ಪ್ರಯೋಗಾಲಯವೊಂದರಲ್ಲಿ. ಅಲ್ಲಿ ಸಾಕುತ್ತಿದ್ದದ್ದು ಒಂದೇ ಜಾತಿಯ ಜೀರುಂಡೆ. ಕಪ್ಪು ಮೈ, ಬೆನ್ನಿನ ಮೇಲೆ ಎರಡು ಕಿತ್ತಳೆ ಪಟ್ಟೆ, ನೋಡಲು ಬಲು ಚಂದ. ಹಿಡಿದು ಒತ್ತಿದರೆ ಮಾತ್ರ ಕಾಲಿನ ಕೀಲುಗಳಿಂದ ಹಳದಿ ರಸ ಜಿನುಗಿಸುತ್ತದೆ. ಆ ರಸದಲ್ಲಿರುವ ವಿಷ ತಾಗಿದ ಕಡೆ ಅರ್ಧ ದಿನದೊಳಗೆ ಗುಳ್ಳೆ ಏಳುತ್ತದೆ. ಹೊಟ್ಟೆಗೆ ಹೋದರಂತೂ ಚಿಟಿಕೆಗಿಂತ ಕಡಿಮೆ ಸಾಕು, ಆಳನ್ನೇ ಮಲಗಿಸಿಬಿಡುತ್ತದೆ.

ಈ ವಿಷ ತಯಾರಾಗುವುದು ಗಂಡಿನ ಮೈಯಲ್ಲಿ. ವೃಷಣಗಳ ಪಕ್ಕದಲ್ಲಿ ಸುರುಳಿ ಸುತ್ತಿಕೊಂಡ ಉದ್ದನೆಯ ಗ್ರಂಥಿಗಳಿರುತ್ತವೆ, ಅವುಗಳಲ್ಲಿ ಅದು ವಿಷವನ್ನು ತುಂಬಿಸಿ ಇಟ್ಟುಕೊಳ್ಳುತ್ತದೆ. ಬೆಳೆದ ಹೆಣ್ಣಿಗೆ ವಿಷ ಮಾಡಿಕೊಳ್ಳಲು ಬರುವುದಿಲ್ಲ. ಕೂಡುವಾಗ ಗಂಡು ತನ್ನ ಬೀಜದ ಜೊತೆಗೆ ಈ ವಿಷದ ಬಹುಪಾಲನ್ನೂ ಹೆಣ್ಣಿಗೆ ಕೊಟ್ಟುಬಿಡುತ್ತದೆ. ಹೆಣ್ಣು ಅದನ್ನು ಹೊಟ್ಟೆಯೊಳಗಿನ ಚೀಲದಲ್ಲಿಟ್ಟುಕೊಂಡು, ಮುಂದೆ ಇಡುವ ಮೊಟ್ಟೆಗಳಿಗೆ ಸವರುತ್ತದೆ, ಇರುವೆಗಳು ಹತ್ತಿರ ಸುಳಿಯದಿರಲಿ ಎಂದು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇದನ್ನು ವಿವರಿಸುವಾಗ ಸೂಜಿಯಕ್ಕ, ನಿಮ್ಮ ಮನೆಯ ಗಂಡಸರು ಒಂದು ಹೂವಾದರೂ ತರುತ್ತಾರೋ ಇಲ್ಲವೋ, ಇದು ನೋಡಿ, ವಿಷವನ್ನಾದರೂ ತಂದುಕೊಡುತ್ತದೆ ಎಂದು ನಗಿಸುತ್ತಿದ್ದಳು.

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎರಡು ಸೂಜಿ, ಒಂದು ಚಿಮಟ ಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂತರೆ ಹೇನಿನಷ್ಟು ದಪ್ಪದ ಗ್ರಂಥಿಯನ್ನೂ ಹರಿಯದಂತೆ ಎತ್ತಿ ಸೀಸೆಗೆ ಹಾಕುತ್ತಿದ್ದಳು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ನಿರ್ದೇಶಕರೂ ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ತಮ್ಮನಿಗೂ ಒಂದು ಅಡ್ಡಹೆಸರು ಅಂಟಿತ್ತು. ಮೂವತ್ತೈದರ ಆಳು, ಆದರೆ ಬಾಗಿಲು ತೆರೆಯುವುದೂ ನಿಧಾನ, ಮುಚ್ಚುವುದೂ ನಿಧಾನ, ಹುಳಗಳ ಪೆಟ್ಟಿಗೆ ಎತ್ತಿಡುವುದಂತೂ ಮಲಗಿದ ಮಗುವನ್ನು ಎತ್ತಿಡುವಷ್ಟು ನಿಧಾನ. ಹಾಗಾಗಿ ಅವನು ಮೆಲ್ಲಗಪ್ಪ.

ಆ ವರ್ಷದ ಪ್ರಯೋಗ ಸರಳವಾಗಿತ್ತು. ಹೆಣ್ಣಿನ ಮುಖವನ್ನೇ ನೋಡದ ಗಂಡು ಮೂವತ್ತು ದಿನದಲ್ಲಿ ಎಷ್ಟು ವಿಷ ಕೂಡಿಡುತ್ತದೆ ಎಂದು ತಿಳಿಯಬೇಕಿತ್ತು. ಅದಕ್ಕಾಗಿ ಹುಳ ಮಣ್ಣಿನಿಂದ ಮೇಲೆ ಬಂದ ದಿನವೇ ಗಂಡು ಹೆಣ್ಣು ಬೇರೆ ಮಾಡುವುದು ಸೂಜಿಯಕ್ಕನ ಕೆಲಸ. ಹುಳವನ್ನು ಅಂಗಾತ ಮಾಡಿ ಹೊಟ್ಟೆಯ ಕಟ್ಟಕಡೆಯ ಪಟ್ಟಿಯನ್ನು ನೋಡಬೇಕು, ಗಂಡಾದರೆ ಅಲ್ಲೊಂದು ಸಣ್ಣ ಕಚ್ಚು ಇರುತ್ತದೆ, ಹೆಣ್ಣಾದರೆ ನುಣ್ಣಗೆ ದುಂಡಗಿರುತ್ತದೆ. ಬೇರೆಯವರು ಲೆನ್ಸು ಹಿಡಿದು ಒಂದೊಂದಕ್ಕೆ ಒಂದು ನಿಮಿಷ ತಿಣುಕುವಾಗ ಸೂಜಿಯಕ್ಕ ಬರಿಗಣ್ಣಿನಲ್ಲೇ ಒಂದೇ ಬೆಳಗಿನಲ್ಲಿ ಮುನ್ನೂರು ಹುಳ ವಿಂಗಡಿಸಿ ಕೈ ತೊಳೆಯುತ್ತಿದ್ದಳು. ಒಮ್ಮೆ ತಮ್ಮ, ಲೆನ್ಸು ಹಾಕ್ಕೊಂಡು ನೋಡಬಾರದಾ ಅಕ್ಕ ಎಂದದ್ದಕ್ಕೆ ಎಲ್ಲರೆದುರೇ ಅವನ ನೀರಿಳಿಸಿದ್ದಳು. ವಿಂಗಡಿಸಿದ ಮೇಲೆ ಪೆಟ್ಟಿಗೆಗಳು ತಮ್ಮನ ಸುಪರ್ದಿಗೆ. ಮೇವು ಹಾಕಿ, ಶುಚಿ ಮಾಡಿ, ದಿನ ತುಂಬಿದ ಹುಳಗಳನ್ನು ಅಕ್ಕನ ಮೇಜಿಗೆ ತಂದಿಡುವುದು ಅವನ ಕೆಲಸ. ಅವಳು ಕೊಯ್ದು ಗ್ರಂಥಿ ತೆಗೆಯುತ್ತಿದ್ದಳು, ಪಕ್ಕದ ಕೋಣೆಯ ರಸಾಯನದ ಮೇಡಂ ಅದರಲ್ಲಿ ಎಷ್ಟು ವಿಷವಿದೆ ಎಂದು ಅಳೆಯುತ್ತಿದ್ದರು.

ಲೆಕ್ಕ ತಪ್ಪಿದ್ದು ಅಲ್ಲೇ. ಅರವತ್ತು ಗಂಡುಗಳನ್ನು ಕೊಯ್ದರೆ ಇಪ್ಪತ್ತೇಳರ ಗ್ರಂಥಿಗಳು ಖಾಲಿ ಚೀಲದ ಹಾಗೆ ಜೋತುಬಿದ್ದಿದ್ದವು. ಇವುಗಳೇನಾದರೂ ಕೂಡಿರಬಹುದಾ ಎಂದು ರಸಾಯನದ ಮೇಡಂ ಮೆತ್ತಗೆ ಕೇಳಿದರು. ಗಂಡು ಪೆಟ್ಟಿಗೆಯಲ್ಲಿ ಹೆಣ್ಣೆಲ್ಲಿಂದ ಬರುತ್ತದೆ, ವಿಂಗಡಿಸಿದವಳು ನಾನು ಎಂದು ಸೂಜಿಯಕ್ಕ ನಕ್ಕಳು. ಆ ನಗುವಿನಲ್ಲಿ ಸಾಕಷ್ಟು ಖಾರವಿದ್ದದ್ದರಿಂದ ಮೇಡಂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನಿರ್ದೇಶಕರು ಸೋಮವಾರ ತಾವೇ ಬಂದು ಮುಚ್ಚಳ ತೆಗೆಸಿ ಎಣಿಸಿದರು. ಇನ್ನೂರ ನಲವತ್ತು ಗಂಡು ಹುಳಗಳನ್ನು ಇಟ್ಟ ಪೆಟ್ಟಿಗೆಗಳಲ್ಲಿ, ಕೊಯ್ದವನ್ನೂ ಸತ್ತವನ್ನೂ ಸೇರಿಸಿದರೂ ಮೂವತ್ತೊಂದು ಕಡಿಮೆ. ಹೆಣ್ಣು ಪೆಟ್ಟಿಗೆಗಳ ಲೆಕ್ಕ ಮಾತ್ರ ಸರಿಯಾಗಿತ್ತು. ಅವರು ಸೂಜಿಯಕ್ಕನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಯಾರೋ ಹುಳಗಳನ್ನು ಹಿಂಡಿ ರಸ ತೆಗೆಯುತ್ತಿದ್ದಾರೆ, ಕೆಲವನ್ನು ಹಾಗೇ ಸಾಗಿಸಿದ್ದಾರೆ ಎಂದರು. ಗಂಡಸುತನಕ್ಕೆ ಮದ್ದು ಎಂದು ಈ ವಿಷವನ್ನು ಮಾರುವ ಖದೀಮರಿಗೆ ಬರವಿಲ್ಲವೆಂದೂ, ಅದನ್ನು ಕುಡಿದವರ ಮೂತ್ರಪಿಂಡ ಹೋಗುತ್ತದೆಂದೂ ಅವಳಿಗೆ ಹೊಸದಾಗಿ ಹೇಳಬೇಕಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಗೊತ್ತಾಗದಿದ್ದರೆ ಪೊಲೀಸರಿಗೆ ಪತ್ರ ಬರೆಯುತ್ತೇನೆ ಎಂದು ಹೇಳಿ, ಪೆಟ್ಟಿಗೆ ಕೋಣೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿದರು. ಇಬ್ಬರಿಗೂ ಉತ್ತರ ಗೊತ್ತಿತ್ತು.

ಸೂಜಿಯಕ್ಕನಿಗೆ ತಮ್ಮನ ಬೆರಳುಗಳು ನೆನಪಾದವು. ಹಿಂಡಿದರೆ ತಾನೇ ಬೆರಳಿಗೆ ಗುಳ್ಳೆ ಬರುವುದು?

ಅಲ್ಲಿಂದ ಅವಳ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ. ತನ್ನ ಮದುವೆಯ ಗೋಜಿಗೇ ಹೋಗದೆ ಅವನನ್ನು ಓದಿಸಿದ್ದಳು, ಓದು ತಲೆಗೆ ಹತ್ತದಿದ್ದಾಗ ನಿರ್ದೇಶಕರ ಮುಂದೆ ನಿಂತು, ಇವನು ಒಂದು ಸೂಜಿಯನ್ನೂ ಕದಿಯುವವನಲ್ಲ, ಬೇಕಾದರೆ ನಾನು ಜವಾಬ್ದಾರಿ ಎಂದು ಈ ಕೆಲಸ ಕೊಡಿಸಿದ್ದಳು. ಅವನ ಮದುವೆಯಾಗಿ ಎಂಟು ವರ್ಷ, ಇನ್ನೂ ಮಕ್ಕಳಿಲ್ಲ. ಹೋದ ತಿಂಗಳು ಅವನ ಹೆಂಡತಿ ಮಾತಿನ ನಡುವೆ, ಇವರು ಯಾರೋ ಔಷಧಿ ಕೊಡುವವನನ್ನು ವಿಚಾರಿಸುತ್ತಿದ್ದಾರೆ ಅತ್ತಿಗೆ ಎಂದಿದ್ದಳು. ಆಗ ಕಿವಿಯ ಮೇಲೆ ಹಾದುಹೋಗಿದ್ದ ಮಾತು ಈಗ ಬಂದು ಎದೆಯ ಮೇಲೆ ಕೂತಿತು. ಅವನು ಮಾರುತ್ತಿಲ್ಲ, ಮನೆಗೇ ಒಯ್ಯುತ್ತಿದ್ದಾನೆ. ತಾನು ಕುಡಿಯುತ್ತಾನೋ ಅವಳಿಗೆ ಕುಡಿಸುತ್ತಾನೋ, ಎರಡೂ ಸಾವೇ.

ಎರಡು ದಿನ ಅವಳು ಕಣ್ಣಲ್ಲಿ ಕಣ್ಣಿಟ್ಟು ಅವನನ್ನು ಕಾದಳು. ಅನುಮಾನದ ಕಣ್ಣಿಗೆ ಮನುಷ್ಯ ನೆಟ್ಟಗೆ ನಡೆದರೂ ಸೊಟ್ಟಗೇ ಕಾಣುತ್ತಾನೆ, ಇವನಂತೂ ನಿಜಕ್ಕೂ ಸೊಟ್ಟ ನಡೆಯುತ್ತಿದ್ದ. ಎಲ್ಲರೂ ಊಟಕ್ಕೆ ಹೋದಾಗ ಪೆಟ್ಟಿಗೆ ಕೋಣೆಯಲ್ಲಿ ಒಬ್ಬನೇ ಉಳಿಯುತ್ತಿದ್ದ. ಒಳಗಿಂದ ಚಿಲಕ ಹಾಕುತ್ತಿದ್ದ. ಹೊರಗೆ ಬರುವಾಗ ಏಪ್ರನ್ ಕೆಳಗೆ ಏನನ್ನೋ ಹಿಡಿದುಕೊಂಡು ಹಿಂದಿನ ಸಾಮಾನು ಕೋಣೆಯ ಕಡೆ ಹೋಗುತ್ತಿದ್ದ. ಅಕ್ಕ ಎದುರಾದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಬುಧವಾರ ಅವನ ಬೆರಳಲ್ಲಿ ಮೂರನೆಯ ಗುಳ್ಳೆ ಕಂಡಿತು.

ಬುಧವಾರ ಸಂಜೆ ಅವನು ಇನ್ನೂ ಪೆಟ್ಟಿಗೆ ತೊಳೆಯುತ್ತಿದ್ದಾಗ ಅವಳು ಅವನ ಮನೆಗೆ ಹೋದಳು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಮಾತು ಕಡಿಮೆ, ಅಳತೆ ನಿಖರ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿನ ತೋಳು ಜೋಡಿಸುತ್ತಿದ್ದಳು. ಸೂಜಿಯಕ್ಕ ಹೇಗೆ ಹೇಳಲಿ ಎಂದು ಸ್ವಲ್ಪ ಹೊತ್ತು ಸುತ್ತಿ ಬಳಸಿ ಮಾತಾಡಿ, ಕೊನೆಗೆ ಹೇಳಿಯೇಬಿಟ್ಟಳು.

"ಅವನು ಏನೇ ಕೊಟ್ಟರೂ ಕುಡಿಬೇಡ ಕಣಮ್ಮ. ಔಷಧಿ ಅಂದರೂ ಬೇಡ, ಹಾಲು ಅಂದರೂ ಬೇಡ. ನೀರು ಕೂಡ ನೀನೇ ತಗೊಂಡು ಕುಡಿ."

ಯಂತ್ರದ ಚಕ್ರ ನಿಂತಿತು. "ನೀವು ಹೇಳ್ತಿರೋದು ನಿಮ್ಮ ತಮ್ಮನ ಬಗ್ಗೆ ಅಲ್ವಾ ಅತ್ತಿಗೆ?"

"ಹೌದು."

ಅವಳು ತೋಳಿನ ಬಟ್ಟೆಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆಯೇ ನೋಡುತ್ತ ಕೂತಳು. ಒಂದು ಜೀವ ಉಳಿಸಿದೆ ಎಂದುಕೊಂಡು ಸೂಜಿಯಕ್ಕ ಮನೆಗೆ ಬಂದಳು.

ಗುರುವಾರ ಊಟದ ಹೊತ್ತಿಗೆ ತಮ್ಮ ಮೇವು ತರಲು ಹೊರಗೆ ಹೋದಾಗ ಅವಳು ಸಾಮಾನು ಕೋಣೆ ಜಾಲಾಡಿದಳು. ಕೆಟ್ಟುಹೋದ ಫ್ರಿಜ್ಜಿನ ಹಿಂದೆ ಒಂದು ಪೆಟ್ಟಿಗೆ ಸಿಕ್ಕಿತು. ಮುಚ್ಚಳಕ್ಕೆ ಗಾಳಿಯಾಡಲು ತೂತು, ಒಳಗೆ ಆವತ್ತೇ ಕಿತ್ತ ಹೂವಿನ ಎಸಳು, ಎಸಳುಗಳ ಮೇಲೆ ಹುಳಗಳು. ಎಣಿಸಿದರೆ ಮೂವತ್ತೊಂದು, ಒಂದೂ ಸತ್ತಿರಲಿಲ್ಲ. ಅವಳು ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ನೇರವಾಗಿ ನಿರ್ದೇಶಕರ ಮೇಜಿನ ಮೇಲೆ ತಂದಿಟ್ಟಳು. ತಮ್ಮನೆಂದು ಮುಚ್ಚಿಟ್ಟಳು ಅಂತ ನಾಳೆ ಯಾರೂ ಅನ್ನಬಾರದು ಎಂಬ ಹಟವೂ ಅದರಲ್ಲಿತ್ತು. ಅದನ್ನು ಇಲ್ಲಿ ಮರೆಮಾಚಿ ಪ್ರಯೋಜನವಿಲ್ಲ.

ತಮ್ಮನನ್ನು ಕರೆಸಿದರು. ಅವನು ಪೆಟ್ಟಿಗೆ ನೋಡಿದ, ಆಮೇಲೆ ಅಕ್ಕನನ್ನು ನೋಡಿದ. ನಿರ್ದೇಶಕರು ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟ.

"ತೆಗೆದಿಟ್ಟಿದ್ದು ನಾನೇ ಸಾರ್."

ಯಾಕೆ ಎಂದರೆ ಬಾಯಿಗೆ ಬೀಗ. ಯಾರಿಗೆ ಕೊಡಲು ಎಂದರೆ ತಲೆ ಅಲ್ಲಾಡಿಸಿದ. ಬೀಗದ ಕೈ ಇಸಿದುಕೊಂಡು ಮನೆಗೆ ಕಳಿಸಿದರು. ಅವನು ಹೋಗುವಾಗಲೂ ಬಾಗಿಲನ್ನು ಮೆಲ್ಲಗೇ ಮುಚ್ಚಿದ್ದು ನೋಡಿ ಸೂಜಿಯಕ್ಕನಿಗೆ ಮೈ ಉರಿಯಿತು. ಕದ್ದವನು ತನ್ನನ್ನೇಕೆ ಹಾಗೆ, ಕರುಣೆ ಬಂದವನ ಹಾಗೆ ನೋಡಬೇಕು?

ಶುಕ್ರವಾರ ಬೆಳಿಗ್ಗೆ ನಿರ್ದೇಶಕರು ಪತ್ರದ ಕರಡು ಸಿದ್ಧಮಾಡಿಕೊಂಡು, ಈ ಮೂವತ್ತೊಂದರಲ್ಲಿ ಎಷ್ಟು ವಿಷ ಉಳಿದಿದೆ, ಎಷ್ಟು ಹಿಂಡಿದ್ದಾನೆ ನೋಡಿ ಹೇಳಿ, ಅದನ್ನೂ ಸೇರಿಸುತ್ತೇನೆ ಎಂದರು. ಸೂಜಿಯಕ್ಕ ಹುಳಗಳನ್ನು ತಣ್ಣಗೆ ಮಾಡಿ ಮಲಗಿಸಿ, ಮೊದಲನೆಯದನ್ನು ಮೇಣದ ತಟ್ಟೆಗೆ ಚುಚ್ಚಿ ನಿಲ್ಲಿಸಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಬೆನ್ನು ಬಿಡಿಸಿದಳು.

ಒಳಗೆ ಮೊಟ್ಟೆಗಳಿದ್ದವು. ನೂರಾರು ಹಳದಿ ಮೊಟ್ಟೆಗಳು ಒತ್ತೊತ್ತಾಗಿ ಹೊಟ್ಟೆ ತುಂಬಿಕೊಂಡಿದ್ದವು.

ಹೆಣ್ಣು ಪೆಟ್ಟಿಗೆಯಿಂದಲೂ ಒಂದನ್ನು ಕದ್ದಿದ್ದಾನೆ ಎಂದು ಅವಳು ಮೊದಲು ಬೈದುಕೊಂಡಳು. ಎರಡನೆಯದನ್ನು ಬಿಡಿಸಿದಳು, ಮೊಟ್ಟೆ. ಮೂರನೆಯದು, ಮೊಟ್ಟೆ. ಹತ್ತನೆಯದರವರೆಗೂ ಬಿಡಿಸಿದಳು. ಹತ್ತೂ ಹೆಣ್ಣು. ಹತ್ತರಲ್ಲೂ ಗಂಡು ಕೊಟ್ಟದ್ದನ್ನು ಇಟ್ಟುಕೊಳ್ಳುವ ಚೀಲ ಬಿಗಿಯಾಗಿ ಊದಿಕೊಂಡಿತ್ತು. ಅವಳು ಆ ಚೀಲಗಳನ್ನು ಸೀಸೆಗೆ ಹಾಕಿ ರಸಾಯನದ ಮೇಡಂ ಕೈಗೆ ಕೊಟ್ಟು, ಅವರ ಪಕ್ಕದಲ್ಲೇ ನಿಂತಳು. ಒಂದು ಗಂಟೆಯ ಮೇಲೆ ಅವರು ತಲೆಯೆತ್ತಿ, ಕಾಣೆಯಾದ ವಿಷ ಇಲ್ಲೇ ಇದೆಯಲ್ಲ ಎಂದರು.

ಯಾರೂ ಏನೂ ಹಿಂಡಿರಲಿಲ್ಲ. ಗಂಡುಗಳು ತಮ್ಮ ವಿಷವನ್ನು ಕೊಡಬೇಕಾದವರಿಗೇ ಕೊಟ್ಟಿದ್ದವು. ಹೆಣ್ಣು ಪೆಟ್ಟಿಗೆಗಳ ಲೆಕ್ಕ ಸರಿಯಿತ್ತೆಂದರೆ ಈ ಮೂವತ್ತೊಂದು ಹೆಣ್ಣು ಬಂದದ್ದು ಗಂಡು ಪೆಟ್ಟಿಗೆಗಳಿಂದಲೇ. ಅಲ್ಲಿಗೆ ಅವನ್ನು ಹಾಕಿದ ಕೈ ಯಾವುದು?

ಅವಳು ತನ್ನ ಮೇಜಿಗೆ ವಾಪಸು ಬಂದು ಉಳಿದ ಹುಳಗಳಲ್ಲೊಂದನ್ನು ಅಂಗಾತ ಮಾಡಿ, ಎಂದಿನಂತೆ ಬರಿಗಣ್ಣಿನಲ್ಲಿ ನೋಡಿದಳು. ಕಡೆಯ ಪಟ್ಟಿಯಲ್ಲಿ ಕಪ್ಪಗೆ ಕಚ್ಚು ಕಂಡಿತು. ಅದನ್ನೇ ಸೂಕ್ಷ್ಮದರ್ಶಕದಡಿ ಇಟ್ಟಳು. ಪಟ್ಟಿ ನುಣ್ಣಗೆ, ದುಂಡಗೆ ಇತ್ತು. ಅವಳು ಕಚ್ಚು ಅಂದುಕೊಂಡದ್ದು ಒಂದು ನೆರಳು. ನಲವತ್ತೆಂಟರ ವಯಸ್ಸಿಗೆ ಹತ್ತಿರದ ನೋಟ ಮಂದವಾಗುವುದು ಎಲ್ಲರಿಗೂ ಉಂಟು. ಅಡುಗೆಮನೆಯವರಿಗೆ ಅಕ್ಕಿಯ ಕಲ್ಲು ಕಾಣದಾದಾಗ, ಗುಮಾಸ್ತರಿಗೆ ಅಕ್ಷರ ಕಾಣದಾದಾಗ ಗೊತ್ತಾಗುತ್ತದೆ. ಇವಳು ದಿನವಿಡೀ ಕೂರುತ್ತಿದ್ದದ್ದು ಸೂಕ್ಷ್ಮದರ್ಶಕದ ಮುಂದೆ. ತಿರುಪು ತಿರುಗಿಸಿದರೆ ಎಂಥ ಮಂದಗಣ್ಣಿಗೂ ಅದು ಸ್ಪಷ್ಟವಾಗಿ ತೋರಿಸುತ್ತದೆ. ತನ್ನ ಕಣ್ಣು ಹದ್ದಿನ ಕಣ್ಣು ಎಂದು ನಂಬಿಕೊಂಡೇ ಅವಳು ಎರಡು ವರ್ಷ ಕಳೆದಿದ್ದಳು.

ಪತ್ರಕ್ಕೆ ಸಹಿ ಬೀಳುವ ಮೊದಲೇ ಅವಳು ನಿರ್ದೇಶಕರ ಎದುರು ನಿಂತು ಎಲ್ಲವನ್ನೂ ಹೇಳಿದಳು. ತಪ್ಪು ನನ್ನದು, ಅವನದಲ್ಲ ಎಂದಳು. ಅವರು ಪತ್ರವನ್ನು ಹರಿದರು. ಒಂದು ವರ್ಷದ ಕೆಲಸ ಹಾಳಾಯಿತು ಎಂದರು, ಇನ್ನು ಮೇಲೆ ವಿಂಗಡಿಸುವ ಕೆಲಸ ಬೇರೆಯವರು ಮಾಡುತ್ತಾರೆ ಎಂದರು, ತಮ್ಮನನ್ನು ಸೋಮವಾರದಿಂದ ಬರಲು ಹೇಳಿ ಎಂದೂ ಸೇರಿಸಿದರು. ಹಾಳಾದದ್ದು ಅದೊಂದೇ ಆಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಏಪ್ರನ್ ಬಿಚ್ಚುವುದನ್ನೂ ಮರೆತು ತಮ್ಮನ ಮನೆಗೆ ಓಡಿದಳು.

ತಮ್ಮ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಹೇಳಿ, ಗೊತ್ತಿದ್ದೂ ಯಾಕೆ ಬಾಯಿ ಬಿಡಲಿಲ್ಲ ಎಂದು ಅವನ ಮೇಲೇ ರೇಗಿದಳು. ಅವನು ತನ್ನ ಎಂದಿನ ನಿಧಾನದಲ್ಲಿ ವಿವರಿಸಿದ. ಗಂಡು ಪೆಟ್ಟಿಗೆಗಳಲ್ಲಿ ಜೋಡಿಗಳು ಕಂಡಾಗಲೇ ಅವನಿಗೆ ಅರ್ಥವಾಗಿತ್ತು. ಅಂಟಿಕೊಂಡ ಜೋಡಿ ಗ್ಲೌಸು ಹಾಕಿದ ಕೈಯಲ್ಲಿ ಬಿಡಿಸಲು ಆಗದೆ, ಬರಿಗೈಯಲ್ಲಿ ಬಿಡಿಸಿ ಹೆಣ್ಣುಗಳನ್ನು ಬೇರೆ ಇಟ್ಟಿದ್ದ. ಹೆಣ್ಣು ಪೆಟ್ಟಿಗೆಗೆ ಹಾಕಿದರೆ ಲೆಕ್ಕ ಹೆಚ್ಚಾಗಿ ಸಿಕ್ಕಿಬೀಳುತ್ತಿತ್ತು, ಕೊಲ್ಲಲು ಮನಸ್ಸು ಬರಲಿಲ್ಲ. ದಿನಾ ಊಟದ ಹೊತ್ತಿಗೆ ಏಪ್ರನ್ ಕೆಳಗೆ ಮೇವು ಒಯ್ದು ಅವಕ್ಕೆ ಹಾಕುತ್ತಿದ್ದ, ಮೂರನೆಯ ಗುಳ್ಳೆ ಎದ್ದದ್ದು ಹಾಗೆ. ತೆಗೆದುಬಿಟ್ಟರೆ ಸರಿಹೋಗುತ್ತದೆ ಎಂದುಕೊಂಡಿದ್ದ, ಅಷ್ಟರೊಳಗೆ ಗಂಡುಗಳು ಬರಿದಾಗಿರುತ್ತವೆ ಎಂದು ಅವನಿಗೆ ಹೊಳೆಯಲಿಲ್ಲ.

"ಹೇಳಿದ್ರೆ ನಿನ್ನ ಕೈಯಿಂದ ಸೂಜಿ ಕಿತ್ಕೊಳ್ತಾರೆ ಅಂತ ಹೆದರಿದೆ ಅಕ್ಕ," ಎಂದ. "ಅದು ಬಿಟ್ಟು ನಿನಗೆ ಬೇರೆ ಏನಿದೆ?"

ಅವಳಿಗೆ ಅಳು ತಡೆಯಲಾಗಲಿಲ್ಲ. ಸೆರಗಿನ ಬದಲು ಏಪ್ರನ್ನಿನಲ್ಲೇ ಮುಖ ಒರೆಸಿಕೊಂಡಳು. ಅವನು ಅವಳ ಬೆನ್ನು ಸವರಿ, ಹೋಗಲಿ ಬಿಡು ಎಂದ. ನೀನು ನನ್ನನ್ನು ಕಳ್ಳ ಅಂದದ್ದು ದೊಡ್ಡದಲ್ಲ ಎಂದ. ಆಮೇಲೆ ಒಳಗಿನ ಕಡೆ ಕಣ್ಣು ಹಾಯಿಸಿ ದನಿ ತಗ್ಗಿಸಿದ. ಬುಧವಾರದಿಂದ ಇವಳು ನಾನು ಮುಟ್ಟಿದ ಲೋಟ ಮುಟ್ಟುತ್ತಿಲ್ಲ, ಯಾಕೆ ಎಂದರೆ ಹೇಳುತ್ತಿಲ್ಲ, ನಿನಗೇನಾದರೂ ಗೊತ್ತಾ ಎಂದು ಕೇಳಿದ.

ಸೂಜಿಯಕ್ಕ ಎದ್ದು ಒಳಗೆ ಹೋದಳು. ತಮ್ಮನ ಹೆಂಡತಿ ಯಂತ್ರದ ಮುಂದೆ ಇದ್ದಳು. ಸೂಜಿಯಕ್ಕ ಅವಳ ಪಕ್ಕ ನೆಲದ ಮೇಲೆಯೇ ಕೂತು, ಮಂದವಾದ ಕಣ್ಣು, ತಪ್ಪಿದ ವಿಂಗಡಣೆ, ಹೆಣ್ಣು ಹುಳಗಳ ಹೊಟ್ಟೆಯಲ್ಲಿ ಸಿಕ್ಕ ವಿಷ, ಒಂದನ್ನೂ ಬಿಡದೆ ಒಪ್ಪಿಸಿದಳು. ಅವನು ಚಿನ್ನದಂಥವನು, ವಿಷ ಇದ್ದದ್ದು ನನ್ನ ತಲೆಯಲ್ಲಿ, ಆವತ್ತು ಹೇಳಿದ್ದನ್ನು ಮರೆತುಬಿಡು ಎಂದು ಅವಳ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ತಮ್ಮನ ಮುಖ ಆಗ ಬಿಳುಚಿಕೊಂಡದ್ದನ್ನು ಅವಳು ನೋಡಲಿಲ್ಲ. ಅವನು ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ತಂದು ಇಬ್ಬರ ಮುಂದೆ ಇಟ್ಟ.

ಹೆಂಡತಿ ಲೋಟ ನೋಡುತ್ತ ಕೂತಳು. ಸೂಜಿಯಕ್ಕ ಅವಳ ಲೋಟವನ್ನೇ ಎತ್ತಿಕೊಂಡು ಅರ್ಧ ಗಟಗಟ ಕುಡಿದು, ಉಳಿದದ್ದನ್ನು ಅವಳ ಕೈಗೆ ಕೊಟ್ಟಳು. ಅವಳು ತೆಗೆದುಕೊಂಡಳು, ತುಟಿಗೆ ತರಲಿಲ್ಲ.

"ಆವತ್ತು ನಿಮ್ಮ ಮಾತು ಯಾಕೆ ನಂಬಿದೆ ಗೊತ್ತಾ ಅತ್ತಿಗೆ?" ಎಂದಳು ಮೆತ್ತಗೆ. "ಯಾವ ಅಕ್ಕನೂ ಸಾಕಿದ ತಮ್ಮನ ಮೇಲೆ ಸುಮ್ಮಸುಮ್ಮನೆ ಹಾಗೆ ಹೇಳಲ್ಲ ಅಂತ. ಇವತ್ತು ಅವರ ಕೆಲಸ ಹೋಗಿದೆ, ಪೊಲೀಸು ಅಂತಿದಾರೆ, ನೀವು ಓಡಿ ಬಂದು ಅವರು ಒಳ್ಳೆಯವರು ಅಂತಿದೀರಿ. ಇದನ್ನ ಯಾವ ಅಕ್ಕ ತಾನೇ ಹೇಳಲ್ಲ?"

ಸೂಜಿಯಕ್ಕ ಆಣೆ ಇಡಬಹುದಿತ್ತು, ನಿರ್ದೇಶಕರನ್ನು ಕರೆತರಬಹುದಿತ್ತು, ಆದರೆ ಯಾರು ಬಂದು ಏನು ಹೇಳಿದರೂ ಈ ಮನೆಯಲ್ಲಿ ಅದು ಅಕ್ಕ ಹೂಡಿದ ಏರ್ಪಾಡಾಗಿಯೇ ಕಾಣುತ್ತದೆ ಎಂದು ಅವಳಿಗೆ ಆ ಕ್ಷಣ ಅರ್ಥವಾಯಿತು. ತಮ್ಮ ಬಾಗಿಲಿಗೆ ಒರಗಿ ನಿಂತೇ ಇದ್ದ. ಅವನ ಹೆಂಡತಿ ಎದ್ದು ಹಿತ್ತಿಲಿಗೆ ಹೋಗಿ ಲೋಟದ ನೀರನ್ನು ಗಿಡದ ಬುಡಕ್ಕೆ ಸುರಿದು ಬಂದಳು. ಆಮೇಲೆ ಅಡುಗೆಮನೆಯಲ್ಲಿ ಲೋಟವನ್ನು ಎರಡು ಸಲ ತೊಳೆದು, ತನಗೆ ಬೇಕಾದ ನೀರನ್ನು ತಾನೇ ಬಗ್ಗಿಸಿಕೊಂಡಳು.